ಜಾಲರಿ ಹಿಂದಿನ ಕೆಮ್ಮು

ನನ್ನ ಗುಳಗಿ ಮುಗದು ಭಾಳ ದಿನ ಆದವು. ತೂಕ ಮೊದಲಿನಂಗ ಬಂದೈತಿ, ಮೆಟ್ಟಲ ಹತ್ತಿದ್ರ ದಮ್ಮು ಹತ್ತೂದಿಲ್ಲ, ಮತ್ತ ಕತ್ತಿ ಕೈಯಾಗ ಹಿಡದೇನಿ. ಹಂಗಾಗಿ ಧೈರ್ಯ ಮಾಡಿ ಬರಿಯಾಕ ಕುಂತೇನಿ. ಟಿ.ಬಿ. ಆಗೈತಿ ಅಂತ ಗೊತ್ತಾದ ದಿನ ನಾ ಮೊಬೈಲಿನಾಗ ಹುಡುಕಿದ್ದ ಹುಡುಕಿದ್ದು. ರೋಗ ಹೆಂಗ ಬರತೈತಿ, ಎಷ್ಟು ಮಂದಿಗೆ ಬರತೈತಿ ಅನ್ನೂದೆಲ್ಲ ರಗಡ ಸಿಕ್ಕಿತು. "ನನಗೂ ಆಗಿತ್ತು ನೋಡವಾ, ಅಂಜಬ್ಯಾಡ" ಅಂತ ಬರದಾಕಿ ಒಬ್ಬಾಕೀನೂ ಸಿಗಲಿಲ್ಲ. ಇರಲಿ, ಆ ಒಬ್ಬಾಕಿ ನಾನ ಆಗೂಣಂತ.

ನಮ್ಮೂರು ಬ್ಯಾಡಗಿ. ನನ್ನ ಹೆಸರು ಶೈಲಾ. ಮನ್ಯಾಗ ಅವ್ವ, ಅಣ್ಣ, ವೈನಿ ಮತ್ತ ನಾನು. ಹಾವೇರಿ ಕೋರ್ಟಿನ ಎದುರಿಗೆ ಒಬ್ಬ ವಕೀಲರ ಕಡೆ ಟೈಪ್ ಮಾಡೂ ಕೆಲಸ ನಂದು. ಮುಂಜಾನೆ ಬಸ್ಸಿಗೆ ಹೋಗೂದು, ಸಂಜಿ ಬಸ್ಸಿಗೆ ಬರೂದು. ಬಂದು ಒಂದು ವಾಟಿ ಚಾ ಕುಡದ ಮ್ಯಾಲೆ ನನ್ನ ಖರೇ ಜೀವನ ಶುರು ಆಗೂದು. ಅದು ಫೆನ್ಸಿಂಗ್. ಊರ ಮಂದಿ ಅದಕ್ಕ 'ಕತ್ತಿ ಆಟ' ಅಂತಾರ, ನನಗ 'ಕತ್ತಿ ಟೀಚರ್' ಅಂತಾರ. ಮೊದಲು ಸಿಟ್ಟು ಬರತಿತ್ತು, ಈಗ ಕರದ್ರ ಓ ಅಂತೇನಿ.

ಹೈಸ್ಕೂಲಿನಾಗ ನಮ್ಮ ಪಿ.ಟಿ. ಸರ್ ಎಲ್ಲೋ ಶಿಬಿರಕ್ಕ ಹೋಗಿ ಕಲತು ಬಂದು ನಮಗ ಕಲಿಸಿದ್ರು. ಅವರು ರಿಟೈರ್ ಆಗುವಾಗ ಸಾಲಿಯವರು ಬ್ಯಾಡಂದ ಹಳೇ ಕತ್ತಿ, ಮಾಸ್ಕು, ಬಿಳಿ ಜಾಕೆಟ್ಟು ಎಲ್ಲಾ ಒಂದು ಟ್ರಂಕಿನಾಗ ತುಂಬಿ ನಮ್ಮ ಮನಿಗೆ ಕಳಿಸಿಬಿಟ್ರು. ಅವ್ವ ಟ್ರಂಕು ತಗದು ನೋಡಿ, "ಇದ್ನ ಮನ್ಯಾಗ ಎಲ್ಲಿಡಲಿ, ತಲಿಮ್ಯಾಲೆ ಇಟ್ಕೊಳ್ಳಲ್ಯಾ?" ಅಂದ್ಳು. ನಮ್ಮ ಸೋದರಮಾವಂದು ಮೆಣಸಿನಕಾಯಿ ತುಂಬತಿದ್ದ ಹಳೇ ಗೋದಾಮು ಒಂದು ಖಾಲಿ ಬಿದ್ದಿತ್ತು. ಅಲ್ಲಿ ನೆಲಕ್ಕ ಸುಣ್ಣದ ಪಟ್ಟಿ ಎಳದು, ಓಣಿ ಹುಡುಗುರನ್ನ ಕೂಡಿಸಿ ಕಲಸಾಕ ಶುರು ಮಾಡಿದೆ.

ಆಟ ಸರಳ ಐತಿ. ತೆಳ್ಳನ ಉದ್ದನ ಕತ್ತಿ, ತುದಿಗೆ ಸಣ್ಣ ಗುಂಡಿ, ಮುಖಕ್ಕ ಜಾಲರಿ ಇರೂ ಮಾಸ್ಕು, ಅದರ ಕೆಳಗ ಕುತ್ತಿಗಿ ಮುಚ್ಚೂ ಬಿಳಿ ಬಟ್ಟಿ. ಎದುರಿನವರ ಮೈಗೆ ತುದಿ ಮುಟ್ಟಿಸಿದ್ರ ಒಂದು ಪಾಯಿಂಟು. ದೊಡ್ಡ ಊರಾಗ ತಾಗಿದ್ದು ತೋರಸಾಕ ಕರೆಂಟಿನ ದೀಪ ಇರತಾವು. ನಮಗದೆಲ್ಲಿಂದ ಬರಬೇಕು. ಅದಕ್ಕ ನಮ್ಮ ಗೋದಾಮಿನಾಗ ಒಂದು ಕಟ್ಟಳಿ ಮಾಡಿದ್ದೆ: ತಾಗಿಸಿಕೊಂಡಾವರ ಕೈ ಎತ್ತಿ 'ತಾಗಿತು' ಅನಬೇಕು, ಹೊಡದಾವರು ಬಾಯಿ ಬಿಡಬಾರದು. ಮೊದಮೊದಲು ಹುಡುಗುರು ಸುಳ್ಳು ಹೇಳತಿದ್ದವು. ಆಮ್ಯಾಲೆ ತಾವ ನಾಚಿಕೊಂಡು ಖರೇ ಹೇಳಾಕ ಹತ್ತಿದವು.

ಅವರಾಗ ಸಹನಾ ಅಂತ ಒಬ್ಬಾಕಿ ಇದ್ಳು. ಹನ್ನೊಂದು ವರ್ಷದಾಕಿ. ಕಡ್ಡಿ ಇದ್ದಂಗ ಇದ್ಳು, ಆದ್ರ ಕತ್ತಿ ಹಿಡದ್ರ ಕಣ್ಣು ಮಿಟಕಸೂದಿಲ್ಲ. ಅಕಿ ತಾಯಿ ಲಲಿತಕ್ಕ ನಮ್ಮ ಹಿಂದಿನ ಓಣಿಯಾಗ ಹೊಲಿಗಿ ಕೆಲಸ ಮಾಡತಾರ, ನಮ್ಮ ಹರಕ ಜಾಕೆಟ್ಟಿಗೆಲ್ಲ ಅವರ ತ್ಯಾಪಿ. ದೊಡ್ಡ ಹುಡುಗುರಿಗೆ ಸಹನಾ ಜೋಡಿ ಆಡಾಕ ಬ್ಯಾಸರ, ಸೋತರ ಮಾನ ಹೋಗತೈತಲ್ಲ. ಹಿಂಗಾಗಿ ದಿನಾ ಕಡೀಕೆ ಅಕಿ ಜೋಡಿ ನಾನ ಆಡತಿದ್ದೆ. ಮುಖದ ಎದುರಿಗೆ ಮುಖ, ನಡುವ ಒಂದು ಕತ್ತಿ ಅಂತರ. ಆ ಅಂತರ ಮುಂದ ನನಗ ಎಷ್ಟು ಸಲ ನೆನಪಾತು ಅಂತ ಹೇಳಾಕ ಬರೂದಿಲ್ಲ.

ನಮ್ಮೂರಾಗ ಮೆಣಸಿನಕಾಯಿ ಸೀಜನ್ ಬಂತಂದ್ರ ಗಾಳಿನೂ ಖಾರ. ಬಸ್ಸಿಳದ ಹೊರಗಿನ ಮಂದಿ ಸೀನಕೋಂತ ಹೋಗತಾರ, ನಾವು ನೋಡಿ ನಗತೇವಿ. ಆದ್ರ ಮಾಸ್ಕಿನೊಳಗ ಘಾಟು ಹೊಕ್ಕಿತಂದ್ರ ನಮಗೂ ನಗು ಬರೂದಿಲ್ಲ. ಕಣ್ಣು ಒರಸಿಕೊಳ್ಳಾಕ ಜಾಲರಿ ಅಡ್ಡ ಬರತೈತಿ, ಸಣ್ಣ ಹುಡುಗುರು ಅತ್ತಬಿಡತಾವು. ಅದಕ್ಕ ನಾನು ಗೋದಾಮಿನ ಕಿಟಕಿ ಎಲ್ಲ ಮುಚ್ಚಿಸಿ, ಸಂದಿಗೆ ಹಳೇ ಗೋಣಿಚೀಲ ತುರುಕಿದ್ದೆ. ಬಾಗಲಕ್ಕೂ ಒಂದು ದಪ್ಪನ ಗೋಣಿತಟ್ಟು ಇಳಿಬಿಟ್ಟಿದ್ದೆ. ಒಳಗ ಕುದಿ ಆಗತಿತ್ತು, ಖರೇ, ಆದ್ರ ಘಾಟು ಬರತಿರಲಿಲ್ಲ. "ನಮ್ಮ ಟೀಚರ್ ಹುಡುಗುರನ್ನ ಎಷ್ಟು ಕಾಳಜಿ ಮಾಡತಾಳ ನೋಡ್ರಿ" ಅಂತ ತಾಯಂದಿರು ಅಂತಿದ್ರು, ನಾನು ಉಬ್ಬತಿದ್ದೆ.

ಸಂಕ್ರಾಂತಿ ಆದ ಮ್ಯಾಲೆ ನನಗ ಕೆಮ್ಮು ಹತ್ತಿತು. ಹತ್ತಲಿ ಬಿಡು, ಬ್ಯಾಡಗ್ಯಾಗ ಯಾರಿಗೆ ಹತ್ತೂದಿಲ್ಲ. ವೈನಿ ಮುಂಜಾನೆದ್ದು ಶುಂಠಿ, ಬೆಲ್ಲ, ಮೆಣಸು ಕುದಿಸಿ ಕೊಟ್ರು. ವಕೀಲರು, "ಮೆಟ್ಟಲ ಹತ್ತೂದ್ರೊಳಗ ಬ್ಯಾಡಗಿ ಬಸ್ ಬಂತಂತ ತಿಳಿತೈತಿ ನೋಡವಾ" ಅಂತ ಚಾಷ್ಟಿ ಮಾಡಿದ್ರು. ಊರ ಡಾಕ್ಟರು ಒಬ್ಬರು ಕೆಮ್ಮಿನ ಔಷಧ ಬರಕೊಟ್ಟು, ಸೀಜನ್ ಮುಗದ್ರ ತಾನ ಹೋಗತೈತಿ ಅಂದ್ರು. ಅವರೂ ಹಂಗ ಅನ್ನಕೋಂತ ಕೆಮ್ಮಿದ್ರು. ನಾನು ನಂಬಿದೆ.

ಸಂಜಿ ಆತಂದ್ರ ಮೈ ಬೆಚ್ಚಗ ಆಗತಿತ್ತು. ಆಟದ ಕಾವು ಅಂದ್ಕೊಂಡೆ. ಜಾಕೆಟ್ಟು ಸಡ್ಲ ಆತು. ಅದಕ್ಕಂತೂ ಖುಷಿ ಪಟ್ಟೆ, ಯಾಕಂದ್ರ ಅದ ಹೊತ್ತಿಗೆ ರಾಣೆಬೆನ್ನೂರ ಕಡೆಯಿಂದ ಒಂದು ಮನಿಯವರು ನನ್ನ ನೋಡಾಕ ಬರತೇವಿ ಅಂದಿದ್ರು. "ತೆಳ್ಳಗಾಗಿ, ಚೊಲೋ ಕಾಣತಿ" ಅಂತ ಅವ್ವ ನೆಟಿಕಿ ಮುರದ್ಳು. ಆಡುವಾಗ ಮಾತ್ರ ಏನೋ ಕೊರತಿ ಆಗಿತ್ತು. ಒಂದ ಸಲ ಮುಂದ ಜಿಗದ್ರ ಎದಿಯೊಳಗ ಗಾಳಿ ಮುಗದಂಗ ಆಗತಿತ್ತು. ಸಹನಾ ನನ್ನ ಸೋಲಸಾಕ ಹತ್ತಿದ್ಳು. ಅಕಿ ಬೆಳದಾಳ ಅಂತ ನಾ ಹೆಮ್ಮಿ ಪಟ್ಟೆ.

ಯುಗಾದಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಒಂದು ಸಂಜಿ, ಆಟದ ನಡುವ ಕೆಮ್ಮು ಬಂದು ನಿಲ್ಲಲೇ ಇಲ್ಲ. ಮಾಸ್ಕು ತಗಿಯಾಕೂ ಪುರಸೊತ್ತು ಸಿಗಲಿಲ್ಲ, ಒಳಗ ಕೆಮ್ಮಿದೆ. ಆಮ್ಯಾಲೆ ಮಾಸ್ಕು ತಗದು ಕೆಳಗಿಟ್ಟೆ. ಸಹನಾ ಬಗ್ಗಿ ನೋಡಿದ್ಳು.

"ಟೀಚರ್, ರಕ್ತ ರೀ," ಅಂದ್ಳು.

ಗದ್ದದ ಕೆಳಗಿನ ಬಿಳಿ ಬಟ್ಟಿ ಮ್ಯಾಲೆ ಒಂದು ಚುಕ್ಕಿ. ಜ್ವಾಳದ ಕಾಳಿನಷ್ಟು. ತುಟಿ ಕಚ್ಚಿಕೊಂಡೇನಿ ಅಂತ ಅಕಿಗೆ ಹೇಳಿದೆ. ಅಕಿ ನಂಬಿದ್ಳೋ ಇಲ್ಲೋ, ನಾನಂತೂ ನಂಬಲಿಲ್ಲ. ಹುಡುಗುರನ್ನ ಕಳಿಸಿ, ಬಾಗಲಾ ಹಾಕಿ, ಟ್ರಂಕಿನ ಮ್ಯಾಲೆ ಕುಂತೆ. ಕತ್ತಲಾದ ಮ್ಯಾಲೆ ಮನಿಗೆ ಹೋಗಿ ಅಣ್ಣಗ ಹೇಳಿದೆ.

ಮರುದಿನ ಅಣ್ಣ ನನ್ನ ರಾಣೆಬೆನ್ನೂರಿಗೆ ಕರಕೊಂಡು ಹೋದ. ನಮ್ಮಣ್ಣ ಬಸವರಾಜ ದಲಾಲರ ಅಂಗಡ್ಯಾಗ ಗುಮಾಸ್ತ, ಮಾತು ಕಡಿಮಿ. ಬಸ್ಸಿನಾಗ ಅರ್ಧ ದಾರಿ ಮುಗದ ಮ್ಯಾಲೆ, "ಏನೂ ಆಗಿರೂದಿಲ್ಲ" ಅಂದ. ರಾಣೆಬೆನ್ನೂರ ಸ್ಟ್ಯಾಂಡಿನಾಗ ಇಳದ ಮ್ಯಾಲೆ ಮತ್ತೊಮ್ಮೆ ಅದನ್ನ ಅಂದ. ಎರಡನೇ ಸಲ ಅಂದಾಗ ಇಂವಗೂ ಅಂಜಿಕಿ ಹತ್ತೇತಿ ಅಂತ ತಿಳೀತು.

ಎದಿ ಡಾಕ್ಟರ ದವಾಖಾನ್ಯಾಗ ಕುಂದ್ರಾಕ ಜಾಗ ಇರಲಿಲ್ಲ. ಎಲ್ಲಾರೂ ಕೆಮ್ಮತಿದ್ರು. ನಮ್ಮೂರಾಗ ಮಂದಿ ಕೆಮ್ಮುವಾಗ ಮಾತಾಡಕೋಂತ, ನಗಕೋಂತ ಕೆಮ್ಮತಾರ. ಇಲ್ಲಿ ಕೆಮ್ಮಿದಾವರು ಆಮ್ಯಾಲೆ ನೆಲ ನೋಡತಿದ್ರು. ನನ್ನ ಮಗ್ಗಲಿಗೆ ಒಬ್ಬ ಅಜ್ಜಿ ಕುಂತಿದ್ಳು, ಸೀರಿ ಸೆರಗಿನಾಗ ಸಕ್ರಿ ಕಟ್ಟಿಕೊಂಡು ಬಂದಿದ್ಳು. ನನ್ನ ಮುಖ ನೋಡಿ ಒಂದು ಚಿಟಿಕಿ ಅಂಗೈಯಾಗ ಹಾಕಿ, "ಬಾಯಾಗ ಹಾಕ್ಕೊ ತಂಗಿ, ಎದಿ ಹೊಡಕೋಳೂದು ನಿಲ್ಲತೈತಿ" ಅಂದ್ಳು. ಖರೇನ ಸ್ವಲ್ಪ ನಿಂತಿತು.

ಡಾಕ್ಟರು ಹೆಣ್ಣಮಗಳು, ಎಲ್ಲಾರೂ ಅವರಿಗೆ ಬಾಯಾರು ಅಂತಿದ್ರು. ಎಕ್ಸ್‌ರೇ ದೀಪಕ್ಕ ಹಿಡದು ನೋಡಿದ್ರು. ಕಫದ ಪರೀಕ್ಷಾ ಹಾವೇರ್ಯಾಗ ಆಗಬೇಕು, ಗುಳಗಿನೂ ಸರಕಾರಿ ದವಾಖಾನ್ಯಾಗ ಕೊಡತಾರ, ಆದ್ರ ತಮಗ ಅನುಮಾನ ಇಲ್ಲ, ಇದು ಟಿ.ಬಿ.ನ ಅಂದ್ರು. ಪೂರಾ ವಾಸಿ ಆಗೂ ರೋಗ, ಗುಳಗಿ ಬಿಡಬಾರದು ಅಷ್ಟ ಅಂದ್ರು. ಅಣ್ಣ ಎದ್ದು ನಿಂತು ಮತ್ತ ಕುಂತ. ನನಗ, ನಂಬಿದ್ರ ನಂಬ್ರಿ, ಆ ಕ್ಷಣಕ್ಕ ಸಮಾಧಾನ ಆತು. ವಾಸಿ ಆಗತೈತಿ ಅಂದ್ರಲ್ಲ. ಆ ಸಮಾಧಾನ ಮುಂದಿನ ಪ್ರಶ್ನಿ ತನಕ ಅಷ್ಟ.

"ದಿನಾ ಯಾರ ಜೋಡಿ ಇರತೀರಿ? ಮನ್ಯಾಗ ಯಾರದಾರ, ಹೊರಗ ಎಲ್ಲಿ ಕುಂದ್ರತೀರಿ?"

ನಾ ಎಲ್ಲಾ ಹೇಳಿದೆ. ಗೋದಾಮು, ಹುಡುಗುರು, ಮಾಸ್ಕು. ಮಾಸ್ಕು ಕಡಿಮಿ ಅದಾವು, ಒಬ್ಬರದು ಒಬ್ಬರು ಹಾಕ್ಕೋತೇವಿ ಅಂತನೂ ಹೇಳಿದೆ.

"ಮಾಸ್ಕಿನ ಚಿಂತಿ ಅಷ್ಟಿಲ್ಲ," ಅಂದ್ರು. "ಆ ಗೋದಾಮಿಗೆ ಕಿಟಕಿ ಅದಾವೇನು?"

"ಅದಾವ್ರಿ."

"ತಗದಿರತೀರಿಲ್ಲೋ?"

"ಇಲ್ರಿ. ಘಾಟು ಬರತೈತಂತ ಮುಚ್ಚಿರತೇನಿ. ಸಂದಿಗೆ ಚೀಲ ತುರುಕೇನಿ."

ಅವರು ಬರಿಯೂದು ನಿಲ್ಲಿಸಿ ನನ್ನ ನೋಡಿದ್ರು. ಬೈಲಿಲ್ಲ. ಬೈದಿದ್ರ ಚೊಲೋ ಇತ್ತು. "ಹುಡುಗುರನ್ನೆಲ್ಲ ಪರೀಕ್ಷಾ ಮಾಡಸಬೇಕು. ಲಗೂನ," ಅಂದ್ರು. ಹೊರಗ ಬಂದ ಮ್ಯಾಲೆ ನನ್ನ ಎದಿ, ನನ್ನ ರಕ್ತ, ನನ್ನ ರೋಗ ಎಲ್ಲಾ ಮರತ್ಹೋತು. ಸಹನಾ ಹ್ವಾದ ವಾರ ಎರಡು ಸಲ ಕೆಮ್ಮಿದ್ಳು. ಅದೊಂದ ತಲ್ಯಾಗ ತಿರುಗಾಕ ಹತ್ತಿತು.

ಹಾವೇರ್ಯಾಗ ಕಫದ ಪರೀಕ್ಷಾ ಆತು, ಬಾಯಾರು ಹೇಳಿದ್ದ ಖರೇ ಆತು, ಗುಳಗಿ ಶುರು ಆದವು. ಮನ್ಯಾಗ ಅವ್ವಗ ಹೇಳಿದಾಗ ಅಕಿ ಮೊದಲು ಹೋಗಿ ಹಿತ್ತಲ ಬಾಗಲಾ ಹಾಕಿದ್ಳು, ಆಮ್ಯಾಲೆ ಅತ್ತಳು. ಯಾರರ ಕೇಳಿದ್ರ ಟೈಫಾಯ್ಡ್ ಅಂತ ಹೇಳಬೇಕಂತ ತಾಕೀತು ಆತು. ಗಳಗನಾಥ ಕ್ಷೇತ್ರಕ್ಕ ಬಂದು ಹೊಳ್ಯಾಗ ಮುಳುಗಿ ದೇವರಿಗೆ ಕಾಯಿ ಒಡಸ್ತೇನಿ ಅಂತ ಹರಕಿ ಹೊತ್ತಳು. ನನ್ನ ತಾಟು, ವಾಟಿ, ಚಾದರ ಬ್ಯಾರೆ ಮಾಡಿದ್ಳು. ತಾಟು ಬ್ಯಾರೆ ಮಾಡೂದು ಬ್ಯಾಡ ಅಂತ ದವಾಖಾನ್ಯಾಗ ಹೇಳ್ಯಾರ ಅಂದ್ರೂ ಕೇಳಲಿಲ್ಲ.

ವೈನಿ ಮಾತ್ರ ಆ ತಾಟು ತಮ್ಮ ತಾಟಿನ ಜೋಡಿನ ತೊಳದು ಒಂದ ಕಡೆ ಡಬ್ಬ ಹಾಕತಿದ್ರು. ವೈನಿ ಅಂದ್ರ ರೇಣುಕಾ, ಅಣ್ಣನ ಹೆಂಡ್ತಿ. ನಾನು ಎಂಟನೇತ್ತೆ ಓದುವಾಗ ನಮ್ಮ ಮನಿಗೆ ಬಂದಾವರು, ನನಗ ಎರಡು ಜಡಿ ಹಾಕಿ ಸಾಲಿಗೆ ಕಳಿಸಿದಾವರು. ಹಗಲೆಲ್ಲ ಮೆಣಸಿನಕಾಯಿ ತೊಟ್ಟು ಬಿಡಸಾಕ ಶೆಡ್ಡಿಗೆ ಹೋಗತಾರ. ಡಾಕ್ಟರು ತತ್ತಿ ತಿನ್ನು ಅಂದಿದ್ರು, ನಮ್ಮ ಮನ್ಯಾಗ ತತ್ತಿ ಅಂದ್ರ ಅವ್ವ ಬಾಯಿಗೆ ಸೆರಗು ಹಿಡಿತಾಳ. ವೈನಿ ಹಿತ್ತಲದಾಗ ಮೂರು ಕಲ್ಲು ಹೂಡಿ, ಹಳೇ ಡಬ್ಬಿಯೊಳಗ ತತ್ತಿ ಕುದಿಸಿ, ಅದರ ಸಿಪ್ಪಿ ತಿಪ್ಪಿಗೆ ಹಾಕಿ ಮ್ಯಾಲೆ ಮಣ್ಣು ಎಳಿತಿದ್ರು. ಅವ್ವಗ ಗೊತ್ತಿತ್ತು. ಅಕಿ ಆ ಹೊತ್ತಿಗೆ ಸರಿಯಾಗಿ ಗುಡಿಗೆ ಹೋಗತಿದ್ಳು.

"ನೀವೂ ಒಂದು ತಿನ್ರಿ ವೈನಿ," ಅಂದ್ರ, "ನನಗ ಏನ್ ಧಾಡಿ ಆಗೈತಿ, ನೀ ತಿನ್ನು" ಅಂತಿದ್ರು.

ಹುಡುಗುರ ಮನಿಗೆ ಹೇಳೂದು ಹೆಂಗ ಅನ್ನೂದು ಉಳೀತು. ಅವ್ವ ಬಾಗಲಕ್ಕ ಅಡ್ಡ ನಿಂತಳು. "ನಿನ್ನ ಕಾಲ ಬೀಳತೇನಿ ಯವ್ವಾ. ಆ ರಾಣೆಬೆನ್ನೂರವರು ಬರೂತನಕರ ತಡಿ. ದವಾಖಾನಿಯವರು ಹೇಳತಾರ ಬೇಕಾದ್ರ, ನೀ ಯಾಕ ಮೈಮ್ಯಾಲೆ ಹಾಕ್ಕೋತಿ?"

ದವಾಖಾನಿಯವರು ಹೆಂಗೂ ಹುಡುಗುರ ಮನಿಗೆ ಹೋಗಾವರ ಇದ್ರು. ಬಾಯಿ ಮುಚ್ಕೊಂಡು ಕುಂತಿದ್ರ ನಡೀತಿತ್ತು. ಆದ್ರ ತಾಗಿದ್ದನ್ನ ತಾನ ಹೇಳಬೇಕಂತ ಅಷ್ಟು ಹುಡುಗುರಿಗೆ ಕಲಿಸಿ ನಾನ ಒಳಗ ಕುಂತ್ರ, ಮುಂದ ಅವರ ಮುಖ ಹೆಂಗ ನೋಡಲಿ? ಅಣ್ಣ ಎದ್ದು ಬಂದು ಅವ್ವನ ಭುಜ ಹಿಡದು ಬಾಜೂಕ ಸರಸಿದ. ಆಮ್ಯಾಲೆ ನನ್ನ ಹಿಂದ ಗೋದಾಮಿನ ತನಕ ಬಂದ.

ತಾಯಿ ತಂದಿನ್ನೆಲ್ಲ ಗೋದಾಮಿನ ಹೊರಗ ಬಯಲಾಗ ಕರಸಿದ್ದೆ. ಮೂಗು ಬಾಯಿ ಮುಚ್ಚಿಕೊಂಡು, ದೂರ ನಿಂತು ಹೇಳಿದೆ. ಕಿಟಕಿ ಮಾತನ್ನೂ ಹೇಳಿದೆ. ಒಬ್ಬರು ಅಲ್ಲೇ ಮಗನ ರಟ್ಟಿ ಹಿಡದು ಎಳಕೊಂಡು ಹ್ವಾದ್ರು. ಒಬ್ಬರು, "ಮೊದಲ ಯಾಕ ತೋರಿಸ್ಕೊಳ್ಳಲಿಲ್ಲ ನೀನು?" ಅಂದ್ರು. ಅವರು ಕೇಳಿದ್ದು ಬರೋಬ್ಬರಿ. ಸಹನಾ ಲಲಿತಕ್ಕನ ಸೀರಿ ಹಿಡಕೊಂಡು ನನ್ನ ನೋಡತಿದ್ಳು. ಆಮ್ಯಾಲೆ ಕೆಮ್ಮಿದ್ಳು. ಎಲ್ಲಾರೂ ಅಕಿ ಕಡೆ ತಿರುಗಿದ್ರು.

ಅಲ್ಲಿಂದ ಶುರು ಆದ ದಿನಗಳನ್ನ ಹೆಂಗ ಹೇಳಲಿ. ಗುಳಗಿ ನುಂಗಿದ್ರ ಹೊಟ್ಟಿ ತೊಳಸೂದು, ಮೂತ್ರ ಕೇಸರಿ ಬಣ್ಣ ಆಗೂದು, ಕೀಲು ಹಿಡಕೊಳ್ಳೂದು, ಇವೆಲ್ಲ ಇದ್ದವು. ಹೊಸದಾಗಿ ಶುರು ಮಾಡಿದಾವರು ಇದನ್ನ ಓದತಿದ್ರ, ಕೇಸರಿ ಬಣ್ಣ ನೋಡಿ ಅಂಜಬ್ಯಾಡ್ರಿ, ಅದು ಗುಳಗಿದು. ನನಗ ಅದ್ಯಾವದೂ ಲೆಕ್ಕಕ್ಕ ಬರಲಿಲ್ಲ. ಮನಿಯೊಳಗ ಕುಂತು ಓಣಿ ಕಡೆ ಕಿವಿ ಕೊಟ್ಟಿರತಿದ್ದೆ. ಯಾವದರ ಹುಡುಗ ಕೆಮ್ಮಿದ್ರ ಎದ್ದು ಕುಂದ್ರತಿದ್ದೆ. ನಾಕ ದಿನದಾಗ ಯಾವ ಕೆಮ್ಮು ಯಾರದಂತ ಬಾಗಲಾ ತಗೀದ ಹೇಳೂಹಂಗ ಆದೆ. ಊಟದ ತಾಟು ಹಂಗ ದೂರ ಸರಸತಿದ್ದೆ. ವೈನಿ ರೊಟ್ಟಿ ಮುರದು ಹಾಲಾಗ ಕಲಸಿ ಎದುರಿಗೆ ಕುಂತು ತಿನ್ನಸತಿದ್ರು. ದೇವರೇ, ನನಗ ಬೇಕಾದ್ದು ಮಾಡು, ಆ ಕೂಸಿಗೆ ಮಾತ್ರ ಬರೂದು ಬ್ಯಾಡ ಅಂತ ಬೇಡಕೊಂಡೆ. ದೇವರಿಗೆ ಕೈ ಮುಗಿಯೂದ್ರಾಗ ನಾ ಮೊದಲಿಂದ ಸೋಮಾರಿ, ಅವನಿಗೂ ನನ್ನ ದನಿ ಹೊಸದು ಅನಿಸಿರಬೇಕು.

ಹಾವೇರಿ ದವಾಖಾನ್ಯಾಗ ಹುಡುಗುರ ಪರೀಕ್ಷಾ ಆದ ದಿನ ನಾನೂ ಹೋಗಿದ್ದೆ. ಯಾರೂ ಕರದಿರಲಿಲ್ಲ. ಗಿಡದ ಕೆಳಗ, ಎಲ್ಲಾರಿಗೂ ದೂರ ಕುಂತಿದ್ದೆ. ಹುಡುಗುರು ಎಕ್ಸ್‌ರೇ ಅಂದ್ರ ಜಾತ್ರಿ ಇದ್ದಂಗ ಓಡ್ಯಾಡತಿದ್ದವು. ನನ್ನ ನೋಡಿ ಒಬ್ಬಾಂವ ಕೈಯಾಗ ಕತ್ತಿ ಹಿಡದಂಗ ಮಾಡಿ ಸಲಾಂ ಹೊಡದ, ಅವರಪ್ಪ ಕೈ ಹಿಡದು ಇಳಿಸಿದ್ರು.

ಸ್ವಲ್ಪ ಹೊತ್ತಿಗೆ ಲಲಿತಕ್ಕ ಬಂದು ನನ್ನ ಮಗ್ಗಲಿಗೇ ಕುಂತ್ರು.

"ದೂರ ಕುಂದ್ರಿ ಅಕ್ಕಾ," ಅಂದೆ.

"ಸುಮ್ನಿರವಾ. ವರ್ಷಗಟ್ಲೆ ನನ್ನ ಮಗಳು ನಿನ್ನ ಎದುರಿಗೆ ನಿಂತು ಆಡ್ಯಾಳ. ಇವತ್ತ ಒಂದ ತಾಸು ನಾ ದೂರ ಕುಂತ್ರ ಏನು ಉಳದಂಗಾತು?" ಸಿಟ್ಟಿತ್ತು ಆ ಮಾತಿನಾಗ. ಆದ್ರ ಎದ್ದು ಹೋಗಲಿಲ್ಲ. ಚೀಲದಿಂದ ಡಬ್ಬಿ ತಗದು ಮಂಡಕ್ಕಿ ಒಗ್ಗರಣಿ ನನ್ನ ಮುಂದ ಇಟ್ರು. ನಾ ಅದನ್ನ ತಿನ್ನಲಿಲ್ಲ, ಅತ್ತಬಿಟ್ಟೆ. ಅವರೂ ಕಣ್ಣು ಒರಸಿಕೊಂಡ್ರು. ಇಬ್ಬರೂ ಎಕ್ಸ್‌ರೇ ಖೋಲಿ ಬಾಗಲಾ ನೋಡಕೋಂತ ಕುಂತ್ವಿ.

ವರದಿ ಬರಾಕ ಮುಂದಿನ ವಾರ ಆತು. ಹುಡುಗುರಿಗೆ ಯಾರಿಗೂ ಇರಲಿಲ್ಲ. ಸಹನಾದು ಬರೇ ನೆಗಡಿ ಕೆಮ್ಮು. ಮುಂದ ಬರಬಾರದಂತ ಕೆಲವು ಹುಡುಗುರಿಗೆ ಗುಳಗಿ ಕೊಟ್ರು, ಮತ್ತೊಮ್ಮೆ ಕರದು ನೋಡತೇವಿ ಅಂದ್ರು. ಲಲಿತಕ್ಕ ಫೋನಿನಾಗ, "ಏನೂ ಇಲ್ಲಂತ ಶೈಲಾ" ಅಂದು ಇಟ್ಟಬಿಟ್ರು. ಅವತ್ತು ನಾನು ಎರಡು ರೊಟ್ಟಿ ಉಂಡೆ. ರಾಣೆಬೆನ್ನೂರವರು ನೋಡಾಕ ಬರಲಿಲ್ಲ. ಅದಕ್ಕ ಅವ್ವ ಅತ್ತಳು, ನಾ ಅಳಲಿಲ್ಲ.

ಮನಿ ಮಂದಿದೂ ಪರೀಕ್ಷಾ ಆಗಬೇಕಿತ್ತು. ನಮ್ಮ ಓಣಿ ಆಶಾ ಕಾರ್ಯಕರ್ತೆ ಅಕ್ಕ ಗುಳಗಿ ಕೊಡಾಕ ಬಂದಾಗೆಲ್ಲ ಕೇಳತಿದ್ಳು. ಅವ್ವಂದು, ಅಣ್ಣಂದು ಲಗೂನ ಆತು, ಇಬ್ಬರಿಗೂ ಏನೂ ಇರಲಿಲ್ಲ. ವೈನಿ ಮಾತ್ರ ಇವತ್ತ ಶೆಡ್ಡಿಗೆ ಮಾಲು ಬಂದೈತಿ, ನಾಳೆ ಮನ್ಯಾಗ ಹೋಳಿಗಿ ಐತಿ, ನಾಡದ ಮೈಲಿಗಿ ಆಗೇನಿ ಅಂತ ಮುಂದ ಹಾಕಕೋಂತ ಬಂದ್ರು. "ಸೀಜನ್ ಮುಗೀಲಿ, ಬರತೇನಿ. ನಾ ಗಟ್ಟಿ ಅದೇನಿ, ನನಗೇನಾಗತೈತಿ," ಅಂತಿದ್ರು. ನಾವು ಮೂರೂ ಮಂದಿ ಹೌದಂದ್ವಿ. ಮನಿ ಕೆಲಸ, ಶೆಡ್ಡಿನ ಕೆಲಸ, ನನ್ನ ಚಾಕರಿ ಎಲ್ಲಾ ಮಾಡಾಕಿ ಗಟ್ಟಿ ಇರಲಾರದ ಹೆಂಗ?

ಕಾರಹುಣ್ಣಿಮಿ ಹೊತ್ತಿಗೆ ನನ್ನ ಕೆಮ್ಮು ಪೂರಾ ನಿಂತಿತ್ತು, ಜ್ವರ ಹೋಗಿತ್ತು. ಒಂದಿನ ಆಶಾ ಅಕ್ಕ ಕಟ್ಟಿ ಮ್ಯಾಲೆ ಕುಂತು, "ರೇಣುಕಾ ಬರೂತನಕ ನಾ ಏಳೂದಿಲ್ಲ ನೋಡ್ರಿ" ಅಂತ ಹಟ ಹಿಡದ್ಳು. ಹಿಂಗಾಗಿ ವೈನಿನ್ನ ನಾನ ಹಾವೇರಿಗೆ ಕರಕೊಂಡು ಹೋದೆ. ದಾರ್ಯಾಗ ನಾ ದೊಡ್ಡಾಕಿ ಆದಂಗ, ಎಲ್ಲಿ ಚೀಟಿ ಮಾಡಸೂದು, ಎಲ್ಲಿ ಕಫ ಕೊಡೂದು ಅಂತ ಅವರಿಗೆ ಹೇಳಿದ್ದ ಹೇಳಿದ್ದು. ಅವರು ಕಿಟಕಿ ಹೊರಗ ನೋಡಕೋಂತ ಹೂಂ ಅಂತಿದ್ರು.

ವರದಿ ತರಾಕ ಮತ್ತ ಇಬ್ಬರೂ ಹ್ವಾದ್ವಿ. ಅಲ್ಲಿನ ಡಾಕ್ಟರ್ ಬಾಯಾರು ಎಕ್ಸ್‌ರೇ ನೋಡಿ, ನನ್ನ ಹಳೇ ಎಕ್ಸ್‌ರೇನೂ ಕೇಳಿ ಇಸಗೊಂಡು, ಎರಡೂ ಹಿಡದು ನೋಡಿದ್ರು. ವೈನಿಗೂ ಅದ ರೋಗ. ಎರಡೂ ಕಡೆ. "ಇದು ನಿಮ್ಮದಕ್ಕಿಂತ ಹಳೇದು," ಅಂತ ನನಗ ಹೇಳಿದ್ರು. "ಇಷ್ಟು ದಿನ ಹೆಂಗ ತಡಕೊಂಡಾರ ಇವರು?"

ವೈನಿ ಈಗ ಆರಾಮ ಆಗಾಕತ್ತಾರ. ಓದಾವರ ಎದಿ ಹೊಡಕೋಬಾರದಂತ ಅದನ್ನ ಮೊದಲ ಹೇಳತೇನಿ. ಗುಳಗಿ ನನಗಿಂತ ಭಾಳ ದಿನ ತಗೋಬೇಕಾತು, ನಡುವ ಒಮ್ಮೆ ಅಡ್ಮಿಟ್ ಆದ್ರು, ಕಡೀ ಪರೀಕ್ಷಾದಾಗ ಕಫ ಶುದ್ಧ ಬಂತು. ಎಡಗಡೆ ಎದಿ ಮಾತ್ರ ಮೊದಲಿನಂಗ ಆಗೂದಿಲ್ಲಂತ. ಗೋದಾಮಿನ ಕಿಟಕಿ ತಗದೇನಿ, ಹುಡುಗುರು ಒಬ್ಬಿಬ್ಬರು ಬಿಟ್ಟು ಎಲ್ಲಾರೂ ಹೊಳ್ಳಿ ಬಂದಾರ, ಘಾಟು ಬಂದ ದಿನ ಆಟ ಬಂದ್. ಇಷ್ಟಕ್ಕ ಬರಿಯೂದು ನಿಲ್ಲಸಬಹುದಿತ್ತು. ಆದ್ರ ವರದಿ ಬಂದ ದಿನದ ಮಾತು ಬರೀದ ಹ್ವಾದ್ರ ನನಗ ಸಮಾಧಾನ ಇಲ್ಲ.

ಅವತ್ತು ಡಾಕ್ಟರ ಖೋಲಿಯಿಂದ ಹೊರಗ ಬಂದು ಗಿಡದ ಕಟ್ಟಿ ಮ್ಯಾಲೆ ಕುಂತ್ವಿ. ಬಸ್ಸಿಗೆ ಇನ್ನೂ ಹೊತ್ತಿತ್ತು. ವೈನಿ ಸೆರಗಿನ ತುದಿ ಬೆರಳಿಗೆ ಸುತ್ತಕೋಂತ ಕುಂತಿದ್ರು.

"ಶೈಲಾ, ಖರೇ ಹೇಳು. ನಿನಗ ನನ್ನಿಂದನ ಬಂತಲ್ಲ?"

ಆ ಪ್ರಶ್ನಿ ನನಗ ಹೊಸದಲ್ಲ. ಸಹನಾ ಹೆಸರು ಹಿಡದು ಅದನ್ನ ನಾ ಎಷ್ಟು ಸಲ ಕೇಳಿಕೊಂಡಿದ್ದೆ. ಯಾರೋ ಬಂದು ಇಲ್ಲ ಅಂದಿದ್ರ ಸಾಕಾಗಿತ್ತು ಅನಿಸತಿತ್ತು ಆವಾಗ. ಅದಕ್ಕ, "ಯಾರಿಂದ ಯಾರಿಗೆ ಅಂತ ಹೇಳಾಕ ಬರೂದಿಲ್ಲ ವೈನಿ. ನನ್ನಿಂದನ ನಿಮಗ ಬಂದಿರಬೇಕು," ಅಂದೆ.

"ಸುಳ್ಳ ಹೇಳಬ್ಯಾಡ. ನಂದು ಹಳೇದಂತ ನನ್ನ ಮುಂದನ ಅಂದ್ರು."

ವೈನಿನ ಮತ್ತ ಕೇಳಿದ್ರು. "ಅವತ್ತ ನಿನ್ನ ಮಾಸ್ಕಿನ ಬಟ್ಟಿ ಮ್ಯಾಲೆ ಅಷ್ಟು ಸಣ್ಣದು ಬಿದ್ದಿತ್ತಲ್ಲ. ಅದು ರಕ್ತ ಅಂತ ಹೆಂಗ ತಿಳೀತು ನಿನಗ?"

"ಬಿಳಿ ಬಟ್ಟಿ ವೈನಿ. ಕಾಣಸ್ತು."

ವೈನಿ ಹೌದಂತ ತಲಿ ಅಲ್ಲಾಡಿಸಿದ್ರು.

"ನನಗ ದೀಪಾವಳಿ ಹಬ್ಬದಿಂದ ಬೀಳತಿತ್ತು," ಅಂದ್ರು. "ಶೆಡ್ಡಿನಾಗ ಕುಂತ್ರ ಕೈನೂ ಕೆಂಪು, ಸೀರಿನೂ ಕೆಂಪು, ಮೂಗು ಒರಸಿದ್ರ ಅದೂ ಕೆಂಪು. ಕೆಮ್ಮಿ ಉಗುಳಿದ್ದೂ ಕೆಂಪ ಇರತಿತ್ತು. ಮೆಣಸಿನಕಾಯಿ ಬಣ್ಣ ಅಂದ್ಕೊಂಡೆ."

ಅಷ್ಟಂದು ಮುಖ ಆ ಕಡೆ ತಿರುವಿ, ಸೆರಗು ಬಾಯಿಗೆ ಒತ್ತಿ ಹಿಡದು ಕೆಮ್ಮಿದ್ರು. ಸಪ್ಪಳ ಹೊರಗ ಬರಲಾರದಂಗ ಕೆಮ್ಮೂದು ಅವರಿಗೆ ರೂಢಿ ಆಗಿತ್ತು. ನಾನು ಅವರ ಬೆನ್ನ ಮ್ಯಾಲೆ ಕೈ ಇಟ್ಟೆ. ಜಂಪರಿನ ಮ್ಯಾಲಿಂದನ ಒಂದೊಂದು ಎಲುಬೂ ಕೈಗೆ ಹತ್ತಿತು. ಅಷ್ಟು ಇಳದಿದ್ರು ನಮ್ಮ ವೈನಿ. ದಿನಾ ಎದುರಿಗೆ ಕುಂತು ನನಗ ಉಣಿಸಿದಾವರು, ಒಂದಿನಾನೂ ನಾ ಅವರನ್ನ ನೋಡಿರಲಿಲ್ಲ.